ಅಟ್ಟದ ಮೇಲಿನ ತೋಟಾ ಪೆಟ್ಟಿಗೆ

ಕೋವಿ ಇದ್ದ ಮನೇಲಿ ಕೋವಿ ಎಲ್ಲರ ಕಣ್ಣಿಗೂ ಬೀಳ್ತಿತ್ತು. ನಡುಮನೆ ಗೋಡೆ ಮೇಲೆ ಎರಡು ಗೂಟ ಹೊಡೆದು ಮಲಗಿಸಿರೋರು. ಬಂದ ನೆಂಟರು ಕಾಲು ತೊಳೆದು ಒಳಗೆ ಬಂದ್ರೆ ಮೊದಲು ಅದನ್ನೇ ನೋಡೋರು. ಆದ್ರೆ ಅದರ ಜೊತೆಗೆ ಒಂದು ಪೆಟ್ಟಿಗೆ ಇರ್ತಿತ್ತಲ್ಲ, ಅದನ್ನ ಯಾರೂ ನೋಡ್ತಿರಲಿಲ್ಲ. ಹೊಡೆದು ಖಾಲಿಯಾದ ಹಿತ್ತಾಳೆ ತೋಟಾಗಳು, ಅವನ್ನ ಮತ್ತೆ ಹದಕ್ಕೆ ತರೋ ನಾಕೈದು ಸಾಮಾನು, ಎಣ್ಣೆ ಬಟ್ಟೆ, ಇಷ್ಟೇ. ಕೋವಿ ಗಂಡಸರದ್ದು. ಆ ಪೆಟ್ಟಿಗೆಯ ಅರ್ಧ ಕೆಲಸ ಮಾತ್ರ ಹೆಂಗಸರದ್ದು. ಇದನ್ನ ಯಾರೂ ಬರೆದಿಟ್ಟಿಲ್ಲ ಅಂತ ನಾನು ಬರೀತಿದೀನಿ. ಇನ್ನೂ ಒಂದು ಕಾರಣ ಐತೆ, ಅದನ್ನ ಕೊನೆಗೆ ಹೇಳ್ತೀನಿ. ದಯವಿಟ್ಟು ಅಲ್ಲಿವರೆಗೂ ಓದಿ.

ನಮ್ಮ ಮಾವ ತೀರಿಕೊಂಡು ವರ್ಷ ಆತು. ಅವರ ಹೆಸರಲ್ಲಿ ಬೆಳೆ ಕಾಯೋಕೆ ಅಂತ ಲೈಸೆನ್ಸ್ ತಗೊಂಡ ಹನ್ನೆರಡರ ಕೋವಿ ಇತ್ತು. ತಿಥಿ ಎಲ್ಲ ಮುಗಿದ ಮೇಲೆ ನಮ್ಮನೆಯವರು ಅದನ್ನ ಸ್ಟೇಶನ್ನಿಗೆ ಒಪ್ಪಿಸಿ ಚೀಟಿ ತಂದ್ರು. ಪೆಟ್ಟಿಗೆ ಮಾತ್ರ ಅಟ್ಟದ ಮೇಲೇ ಉಳೀತು. ಅದು ಮಾವನದ್ದೂ ಅಲ್ಲ, ಮಾವನ ಅಪ್ಪನ ಕಾಲದ್ದು. ಮಾವ ಅಂಗಡಿಯಿಂದ ಸಿದ್ಧ ತೋಟಾ ತರೋರು. ಪುಣೆ ಹತ್ರದ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ, ಬುಡ ಮಾತ್ರ ಹಿತ್ತಾಳೆಯದ್ದು. ಅವನ್ನ ಒಂದ್ಸಲ ಹೊಡೆದ್ರೆ ಬಿಸಾಕೋದೇ. ಅಜ್ಜನ ಕಾಲದವು ಬುಡದಿಂದ ಬಾಯಿ ತನಕ ಪೂರ್ತಿ ಹಿತ್ತಾಳೆ. ಹೆಬ್ಬೆರಳು ತೂರುವಷ್ಟು ದಪ್ಪ, ತೋರುಬೆರಳಿನಷ್ಟು ಉದ್ದ. ಪಾತ್ರೆ ಬಿಸಾಕ್ತೀವಾ? ಹಂಗೇ ಅವನ್ನೂ ಬಿಸಾಕ್ತಿರಲಿಲ್ಲ.

ಹನ್ನೆರಡರ ಕೋವಿ ಅಂದ್ರೆ ಏನು ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಒಂದು ಪೌಂಡ್ ಸೀಸ, ಅಂದ್ರೆ 454 ಗ್ರಾಂ, ತಗೊಂಡು ಒಂದೇ ಅಳತೆಯ 12 ಗುಂಡು ಮಾಡಿದ್ರೆ, ಅದರಲ್ಲಿ ಒಂದು ಗುಂಡು ಸರಿಯಾಗಿ ಹೋಗುವಷ್ಟು ನಳಿಗೆ. ಸುಮಾರು ಹದಿನೆಂಟೂವರೆ ಮಿಲಿಮೀಟರು. ಸೇರು ಪಾವಿನ ಲೆಕ್ಕ ಇದ್ದಂಗೆ ಇದೂ ಒಂದು ಹಳೇ ಲೆಕ್ಕ.

ಪೆಟ್ಟಿಗೆ ಇಳಿಸಿದ್ದು ಮೈದುನ. ಗುಜರಿಯವನು ಬಂದಾಗ ಹಳೇ ಹಿತ್ತಾಳೆ ಹಂಡೆ ಜೊತೆ ಇದನ್ನೂ ತೂಕಕ್ಕೆ ಹಾಕಾನ ಅಂತ ಅವನ ಲೆಕ್ಕ. ನಾದಿನಿ ಮಗ ಬೆಂಗಳೂರಿಂದ ಬಂದಿದ್ದ, ಅವನಿಗೆ ಅವು ಚೆಂದ ಕಂಡವು. "ಅತ್ತೆ, ನನಗೆ ನಾಕು ಕೊಡಿ, ಪೆನ್ ಸ್ಟ್ಯಾಂಡ್ ಮಾಡ್ಕಂತೀನಿ" ಅಂದ. ನಮ್ಮತ್ತೆಗೆ ಎಂಬತ್ತರ ಮೇಲಾತು, ಮಂಡಿ ಹಿಡಿದು ಕೂತಿರ್ತಾರೆ. ಕೂತಲ್ಲಿಂದಲೇ, "ಒಂದನ್ನೂ ಮುಟ್ಟಬ್ಯಾಡ್ರಿ. ಮೊದಲು ಎಣಿಸ್ರಿ" ಅಂದ್ರು.

ಎಣಿಸಿದ್ವಿ. ನಲವತ್ಮೂರು.

"ಸರಿ ಐತೆ" ಅಂದ್ರು ಅತ್ತೆ. ಐವತ್ತು ವರ್ಷದಿಂದ ಆ ಪೆಟ್ಟಿಗೆ ತೆಗೆದಿಲ್ಲ, ಲೆಕ್ಕ ಮಾತ್ರ ಬಾಯಲ್ಲಿತ್ತು.

ಈ ಎಣಿಕೆ ಅವರಿಗೆ ಅವರ ಅತ್ತೆಯಿಂದ ಬಂದದ್ದು. ಈಸೂರಿನವರಿಗೆ ನಾನು ಹೇಳೋದು ಬೇಕಾಗಿಲ್ಲ, ಆದ್ರೂ ದೂರದಲ್ಲಿರೋ ನಮ್ಮ ಹುಡುಗೇರಿಗೆ ಹೇಳ್ತೀನಿ. 1942ರ ಸೆಪ್ಟೆಂಬರ್‌ನಲ್ಲಿ ಈ ಊರು ತಾನು ಸ್ವತಂತ್ರ ಅಂತ ಸಾರಿಕೊಂಡಿತು. ಸಣ್ಣ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ಮಾಡಿದ್ರು. ಆಮೇಲೆ ನಡೆದ ಗಲಾಟೆಯಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐದು ಜನರನ್ನ ಗಲ್ಲಿಗೆ ಹಾಕಿದ್ರು. ಹಾಲಮ್ಮ, ಸಿದ್ದಮ್ಮ, ಪಾರ್ವತಮ್ಮ ಅಂತ ಹೆಂಗಸರಿಗೂ ಶಿಕ್ಷೆ ಆತು. ಆ ಕಾಲ ಕಂಡ ನಮ್ಮಜ್ಜಿಗೆ ಪೊಲೀಸ್ರು ಮನೆ ಹುಡುಕೋದು ಅಂದ್ರೆ ಕಥೆ ಅಲ್ಲ. ಅದಕ್ಕೇ ಆಮೇಲೆ ಮನೆಗೆ ಕೋವಿ ಬಂದಾಗ ಅಜ್ಜಿ ಒಂದೇ ಒಂದು ಶರತ್ತು ಹಾಕಿದ್ರಂತೆ. ಎಷ್ಟು ತೋಟಾ ಹೋದವು, ಎಷ್ಟು ವಾಪಸ್ ಬಂದವು, ನನಗೆ ಲೆಕ್ಕ ಸಿಗಬೇಕು. ಅಜ್ಜ ಗದ್ದೆಯಿಂದ ಬಂದು ಖಾಲಿ ತೋಟಾನ ಅಜ್ಜಿ ಕೈಗೆ ಎಣಿಸಿ ಕೊಡಬೇಕು. ಒಂದು ಕಮ್ಮಿ ಬಂದ್ರೆ ಬೆಳಿಗ್ಗೆ ಹೋಗಿ ಬದು ಎಲ್ಲ ಹುಡುಕಿ ತರಬೇಕು. ಹಂಗಾಗಿ ತೋಟಾ ಹೆಂಗಸರ ಕೈಗೆ ಬಂತು. ಕೈಗೆ ಬಂದ ಮೇಲೆ ತೊಳೆಯೋ ಕೆಲಸಾನೂ ಬಂತು.

ಅತ್ತೆ ಆವತ್ತು ಒಂದೊಂದೇ ಸಾಮಾನು ತೆಗೆದು ತೋರಿಸಿದ್ರು. ಅವರು ಹೇಳಿದ್ದು, ನಾನು ಆಮೇಲೆ ಓದಿ ತಿಳಕೊಂಡಿದ್ದು ಎರಡೂ ಸೇರಿಸಿ ಬರೀತೀನಿ. ಮದ್ದು ತುಂಬೋ ವಿಷಯ ಇದರಲ್ಲಿ ಇಲ್ಲ. ಅದು ಹೆಂಗಸರ ಕೈಗೆ ಯಾವತ್ತೂ ಬಂದಿಲ್ಲ. ಇವತ್ತಂತೂ ತೋಟಾ ತಯಾರು ಮಾಡೋಕೆ ಬೇರೆ ಲೈಸೆನ್ಸೇ ಬೇಕು, ಮನೇಲಿ ಮಾಡೋ ಕೆಲಸ ಅಲ್ಲ.

ಮೊದಲನೇದು ಮಣೆ. ಹಲಸಿನ ಮರದ್ದು, ಒಂದು ಮೊಳ ಉದ್ದ, ಎರಡು ಸಾಲು ಗುಳಿ. ನಾನು ಅಳಗುಳಿ ಮಣೆ ಅಂದ್ಕಂಡಿದ್ದೆ. ಒಂದೊಂದು ಗುಳಿಗೆ ಒಂದೊಂದು ತೋಟಾ, ಬಾಯಿ ಕೆಳಗೆ ಮಾಡಿ ನಿಲ್ಲಿಸೋದು. ತೊಳೆದ ನೀರು ಇಳಿಯೋಕೆ ಗುಳಿ ತಳದಲ್ಲಿ ತೂತು. ಎಣಿಕೆಗೂ ಅದೇ ಮಣೆ, ಒಂದು ಗುಳಿ ಖಾಲಿ ಇದ್ರೆ ದೂರದಿಂದಲೇ ಕಾಣ್ತದೆ.

ಎರಡನೇದು ಕೇಪು ತೆಗೆಯೋ ಮೊಳೆ. ತೋಟಾದ ಬುಡದ ನಡುವೆ ಒಂದು ಪುಟ್ಟ ಬಟ್ಟಲಿನಂಥ ಕೇಪು ಕೂತಿರ್ತದೆ. ಕೋವಿಯ ಸೂಜಿ ಅದಕ್ಕೆ ಹೊಡೆದ್ರೆ ಕಿಡಿ ಹಾರಿ ಒಳಗಿನ ಮದ್ದು ಹತ್ಕೊಳ್ತದೆ. ಒಂದ್ಸಲ ಹೊಡೆದ ಕೇಪು ಮತ್ತೆ ಬಾರದು, ತೆಗೀಬೇಕು. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಬುಡದ ನಡುವೆ ಒಂದೇ ತೂತು, ಬಾಯಿ ಕಡೆಯಿಂದ ಸಪೂರ ಮೊಳೆ ಇಳಿಸಿ ತಟ್ಟಿದ್ರೆ ಕೇಪು ಹೊರಗೆ ಬೀಳ್ತದೆ. ಇನ್ನೊಂದರಲ್ಲಿ ಎರಡು ಸಣ್ಣ ತೂತು, ಅವುಗಳ ನಡುವೆ ಹಿತ್ತಾಳೆಯದ್ದೇ ಒಂದು ಗುಬ್ಬಿ. ಅದಕ್ಕೆ ಮೊಳೆ ಇಳಿಸಿದ್ರೆ ಗುಬ್ಬಿ ಹಾಳಾಗ್ತದೆ, ಹೊರಗಿಂದ ಕೊಕ್ಕೆ ಹಾಕಿ ಎಬ್ಬಬೇಕು. ಮೊದಲನೇ ಜಾತಿಗೆ ಬಾಕ್ಸರ್ ಅಂತಾರೆ, ಅದು ಇಂಗ್ಲೆಂಡಿನ ಸೇನಾಧಿಕಾರಿಯ ಹೆಸರು. ಎರಡನೇದಕ್ಕೆ ಬರ್ಡನ್ ಅಂತಾರೆ, ಅದು ಅಮೆರಿಕದವನ ಹೆಸರು. ಇಬ್ಬರೂ 1860ರ ದಶಕದವರು. ತಮಾಷೆ ಏನಂದ್ರೆ, ಈಗ ಇಂಗ್ಲೆಂಡಿನವನ ಜಾತಿ ಅಮೆರಿಕದಲ್ಲಿ ಜಾಸ್ತಿ ನಡೀತದೆ. ನಮ್ಮ ಪೆಟ್ಟಿಗೇಲಿ ಮೊಳೆಯೂ ಇತ್ತು, ಕೊಕ್ಕೆಯೂ ಇತ್ತು. ಅತ್ತೆಗೆ ಈ ಹೆಸರು ಯಾವುದೂ ಗೊತ್ತಿಲ್ಲ. ಅವರು ಅವನ್ನ "ಒಂಟಿಕಣ್ಣಿಂದು, ಜೋಡಿಕಣ್ಣಿಂದು" ಅಂತಿದ್ರು. ಯಾವುದಕ್ಕೆ ಯಾವ ಸಾಮಾನು ಅನ್ನೋದು ತಪ್ಪುತ್ತಿರಲಿಲ್ಲ.

ಮೂರನೇದು ತೊಳೆಯೋ ಸಾಮಾನು. ಬಿದಿರು ಕಡ್ಡಿ ತುದಿಗೆ ತೆಂಗಿನ ನಾರು ಸುತ್ತಿದ್ದು, ಕೋಳಿ ಪುಕ್ಕ, ಒಂದು ಹಳೇ ಮಣ್ಣಿನ ಕುಡಿಕೆ. ಹಳೇ ಕಪ್ಪು ಮದ್ದು ಸುಟ್ಟ ಮೇಲೆ ಬಿಡೋ ಮಸಿ ಉಪ್ಪಿನ ಥರ. ಗಾಳಿಯಲ್ಲಿರೋ ತೇವ ಎಳಕೊಂಡು ಹಿತ್ತಾಳೆನ ತಿಂತದೆ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ, ಒಂದು ರಾತ್ರಿ ಬಿಟ್ರೆ ಹಸಿರು ಕಟ್ಟೋದೇ. ಅದಕ್ಕೆ ಎಷ್ಟೊತ್ತಿಗೆ ಬರ್ಲಿ, ಬಚ್ಚಲ ಒಲೆ ಹಂಡೆಯ ಬಿಸಿನೀರಲ್ಲಿ ಆವತ್ತೇ ತೊಳೀಬೇಕು. "ಗಂಡಸರು ಹಂದಿ ಓಡಿಸಿ ಬಂದು ಉಂಡು ಮಲಗೋರು. ನಾವು ಚಿಮಣಿ ಬೆಳಕಲ್ಲಿ ಇದನ್ನ ತಿಕ್ಕತಾ ಕೂರೋದು" ಅಂದ್ರು ಅತ್ತೆ. ಇದನ್ನ ಅವರು ದೂರಿನ ದನಿಯಲ್ಲಿ ಹೇಳಲಿಲ್ಲ, ಆದ್ರೆ ಹೇಳದೆಯೂ ಬಿಡಲಿಲ್ಲ.

ಬಿಸಿನೀರಾದ ಮೇಲೆ ಹುಣಸೆಹಣ್ಣಿನ ನೀರು. ಇಲ್ಲಿ ನಮಗೆಲ್ಲ ಗೊತ್ತಿರೋ ವಿದ್ಯೆಯೇ. ಹುಣಸೆಯ ಹುಳಿ ಕಿಲುಬನ್ನ ಕರಗಿಸ್ತದೆ. ಆದ್ರೆ ರಾತ್ರಿಯಿಡೀ ನೆನೆ ಹಾಕಬಾರದು. ಹಿತ್ತಾಳೆ ಅಂದ್ರೆ ತಾಮ್ರ ಮತ್ತೆ ಸತು ಬೆರೆಸಿದ್ದು. ತೋಟಾ ಮಾಡೋ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಹುಳಿಯಲ್ಲಿ ಜಾಸ್ತಿ ಹೊತ್ತು ಇದ್ರೆ ಸತು ಮೊದಲು ಬಿಟ್ಟು ಹೋಗಿ ಮೇಲೆ ತಾಮ್ರದ ಕೆಂಪು ಉಳೀತದೆ. ದೇವರ ದೀಪಕ್ಕೆ ಹಂಗೆ ಆದ್ರೆ ಬಣ್ಣ ಕೆಡ್ತದೆ, ಅಷ್ಟೇ. ತೋಟಾಕ್ಕೆ ಆದ್ರೆ ಗೋಡೆ ಬಲ ಕಳಕೊಳ್ತದೆ. ಒಂದು ಎಲೆ ಅಡಿಕೆ ಹಾಕ್ಕೊಂಡು ಉಗುಳೋವಷ್ಟು ಹೊತ್ತು, ಅದು ಅತ್ತೆಯ ಗಡಿಯಾರ. ಇಟ್ಟಿಗೆ ಪುಡಿ, ಬೂದಿ ಹಾಕಿ ಉಜ್ಜೋ ಹಂಗಿಲ್ಲ. ಉಜ್ಜಿದ್ರೆ ಗೀರು ಬೀಳ್ತದೆ, ಹಿತ್ತಾಳೆ ಸವೀತದೆ. ಕೊನೆಗೆ ಸೀಗೆಪುಡಿ ನೀರು, ಆಮೇಲೆ ತಣ್ಣೀರು, ಆಮೇಲೆ ಮಣೆ ಮೇಲೆ ನೆರಳಲ್ಲಿ ಒಣಗೋದು.

ನಾಕನೇದು ಕಬ್ಬಿಣದ ಬಳೆ. ದಪ್ಪ ಉಂಗುರ, ಒಳಗೆ ಕನ್ನಡಿಯಂಗೆ ನುಣುಪು. ಈಡು ಹೊಡೆದಾಗ ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಅಂಟ್ಕೊಳ್ತದೆ, ಆಮೇಲೆ ತುಸು ಕುಗ್ಗತದೆ, ಮೊದಲಿನ ಅಳತೆಗೆ ಬರೋದಿಲ್ಲ. ಅದೇ ಕೋವಿಗೆ ಮತ್ತೆ ಹಾಕಿದ್ರೆ ಕೂರ್ತದೆ, ಬೇರೆ ಕೋವಿಗೆ ಸಿಕ್ಕಾಕ್ಕೊಳ್ತದೆ. ಎಣ್ಣೆ ಸವರಿ ಈ ಬಳೆಯೊಳಗೆ ತೂರಿಸಿದ್ರೆ ಸರಿ ಅಳತೆಗೆ ಬರ್ತದೆ. ನಮ್ಮನೇಲಿ ಒಂದೇ ಕೋವಿ, ಹಂಗಾಗಿ ಬಳೆ ಹೊಸದರಂಗೇ ಐತೆ.

ಐದನೇದು ಒಂದು ಅಗಲ ತಟ್ಟೆ. ಇದರ ಕೆಲಸ ಕೇಳಿ ನನಗೆ ಬಲು ಸೋಜಿಗ ಆತು. ಹಿತ್ತಾಳೆ ಪದೇ ಪದೇ ಉಬ್ಬಿ ಕುಗ್ಗಿದ್ರೆ ಬಿರುಸಾಗ್ತದೆ, ಬಾಯಿ ಹತ್ರ ಸೀಳ್ತದೆ. ತಂತಿನ ಬಗ್ಗಿಸಿ ಬಗ್ಗಿಸಿ ಮುರೀತೀವಲ್ಲ, ಅದೇ ಥರ. ಅದಕ್ಕೆ ಅಜ್ಜ ತಟ್ಟೆಯಲ್ಲಿ ನೀರು ಹಾಕಿ, ತೋಟಾನ ಬುಡ ಮುಳುಗೋ ಹಂಗೆ ನಿಲ್ಲಿಸಿ, ಬಾಯಿ ಮಾತ್ರ ಕಾಯಿಸೋರು. ಬಣ್ಣ ತಿರುಗಿದ ತಕ್ಷಣ ನೀರಿಗೆ ಕೆಡವೋರು. ಬಾಯಿ ಮೆತ್ತಗಾಗಬೇಕು, ಬುಡ ಗಟ್ಟಿಯಾಗೇ ಇರಬೇಕು. ಬುಡ ಮೆತ್ತಗಾದ್ರೆ ಕೋವಿ ಹಿಡಿದವನ ಕಣ್ಣಿಗೆ ಅಪಾಯ. ಕಮ್ಮಾರ ಕುಡುಗೋಲು ಕಾಯಿಸಿ ನೀರಿಗೆ ಅದ್ದೋದು ಗಟ್ಟಿ ಮಾಡೋಕೆ. ಹಿತ್ತಾಳೆ ಹಂಗಲ್ಲ, ಕಾಯಿಸಿ ನೀರಿಗೆ ಹಾಕಿದ್ರೂ ಮೆತ್ತಗೇ ಉಳೀತದೆ. ಕಂಚುಗಾರರು ಬಿಂದಿಗೆ ಬಡಿಯುವಾಗ ನಡುನಡುವೆ ಕಾಯಿಸೋದೂ ಇದಕ್ಕೇ.

ಒಂದೊಂದು ತೋಟಾದ ಬುಡದಲ್ಲೂ ಸಣ್ಣ ಸಣ್ಣ ಗೀರು ಇದಾವೆ. ಒಂದು ಸಲ ಹೊಡೆದ್ರೆ ಒಂದು ಗೀರು. ಹಾಕ್ತಿದ್ದೋರು ಅಜ್ಜಿ. ಒಂದರ ಮೇಲೆ ಹನ್ನೊಂದು ಗೀರು ಎಣಿಸಿದೆ.

ಈಗ ಪೆಟ್ಟಿಗೆ ಇಟ್ಟ ಜಾಗದ ಮಾತು. ಮೊದಲು ಅದನ್ನ ಕೊಟ್ಟಿಗೆ ಅಟ್ಟದ ಮೇಲೆ ಇಡ್ತಿದ್ರಂತೆ, ಮಕ್ಕಳ ಕೈಗೆ ಸಿಗಬಾರದು ಅಂತ. ಒಂದು ಮಳೆಗಾಲ ಕಳೆದು ತೆಗೆದ್ರೆ ಹೊಡೆಯದ, ಹೊಸ ತೋಟಾಗಳ ಬಾಯೇ ಸೀಳಿದ್ದವು. ಅಜ್ಜ ಅಂಗಡಿಯವನನ್ನ ಬೈದ್ರು. ಅಜ್ಜಿ ಮಾತ್ರ, "ದನದ ಗಂಜಲದ ಗಾಳಿ ಹಿತ್ತಾಳೆಗೆ ಆಗಾದಿಲ್ಲ. ನನ್ನ ತವರಿನ ತಂಬಿಗೆ ಕೊಟ್ಟಿಗ್ಯಾಗೇ ಬಿರುಕು ಬಿಟ್ಟಿತ್ತು" ಅಂದು ಪೆಟ್ಟಿಗೆನ ಒಳಮನೆ ಅಟ್ಟಕ್ಕೆ ಹಾಕಿಸಿದ್ರಂತೆ. ಆಮೇಲೆ ಒಂದೂ ಸೀಳಲಿಲ್ಲ.

ನಾನು ಇದನ್ನ ಅಜ್ಜಿ ಕಥೆ ಅಂದ್ಕಂಡಿದ್ದೆ. ಓದಿ ನೋಡಿದ್ರೆ ಇದೇ ಸಂಗತಿ ಬ್ರಿಟಿಷರ ಸೈನ್ಯವನ್ನೇ ಕಾಡಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇಂಡಿಯಾದಲ್ಲಿ ಅವರ ತೋಟಾಗಳು ಮಳೆಗಾಲ ಬಂದ್ರೆ ತಾವಾಗೇ ಬಿರುಕು ಬಿಡ್ತಿದ್ದವು. ಕಾಲಕ್ಕೆ ಬರೋ ರೋಗ ಅನ್ನೋ ಅರ್ಥ ಬರೋ ಹಂಗೆ ಹೆಸರಿಟ್ರು. ತೋಟಾ ಇಡ್ತಿದ್ದದ್ದು ಕುದುರೆ ಲಾಯದಲ್ಲಿ. ಕುದುರೆ ಉಚ್ಚೆಯಿಂದ ಏಳೋ ಅಮೋನಿಯಾ, ಗಾಳಿಯ ತೇವ, ಕಾರ್ಖಾನೆಯಲ್ಲಿ ಒತ್ತಿ ಮಾಡುವಾಗ ಹಿತ್ತಾಳೆಯೊಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಬಿರುಕು ಬಿಡ್ತದೆ ಅಂತ ಸರಿಯಾಗಿ ವಿವರಿಸಿದ್ದು 1921ರಲ್ಲಿ. ನಮ್ಮಜ್ಜಿಗೆ ಅಮೋನಿಯಾ ಅನ್ನೋ ಶಬ್ದ ಗೊತ್ತಿರಲಿಲ್ಲ. ತಂಬಿಗೆ ಗೊತ್ತಿತ್ತು. ನಿಮ್ಮನೇಲೂ ಹಿತ್ತಾಳೆ ಸಾಮಾನು ಕೊಟ್ಟಿಗೆ ಪಕ್ಕ, ಪಾಯಿಖಾನೆ ಪಕ್ಕ, ಗೊಬ್ಬರದ ಚೀಲದ ಪಕ್ಕ ಇದ್ರೆ ಬೇರೆ ಕಡೆ ಇಡಿ.

ಇನ್ನು ನಾನು ಮೊದಲು ಹೇಳಿದ ಆ ಕಾರಣ.

ಆ ನಲವತ್ಮೂರರಲ್ಲಿ ನಲವತ್ತೊಂದರ ಬುಡದಲ್ಲಿ ಬರೀ ಕುಳಿ, ಕೇಪು ತೆಗೆದಾಗಿತ್ತು. ಎರಡರಲ್ಲಿ ಕೇಪು ಕೂತಿತ್ತು. ಅತ್ತೆ ಅವನ್ನ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ್ರು. ಕೇಪಿನ ನಡುವೆ ಸೂಜಿ ಹೊಡೆದ ಗುಂಡಿ ಇರಲಿಲ್ಲ. "ಇವು ಜೀವಂತ ಅದಾವೆ. ಕೆಳಗಿಡ್ರಿ, ದೂರ ಸರೀರಿ" ಅಂದ್ರು. ಮದ್ದಿಲ್ಲದ ಖಾಲಿ ತೋಟಾ ಅಂತ ನಾವೆಲ್ಲ ಕೈಯಲ್ಲಿ ಆಡಿಸ್ತಿದ್ವಿ. ಮದ್ದು ಇಲ್ಲದಿದ್ರೂ ಕೇಪಿನೊಳಗಿನದು ಸಿಡಿಯುವಂಥದ್ದೇ. ಗುಜರಿಯವನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡ್ತಾನೆ, ಇಲ್ಲಾ ಕುಲುಮೆಗೆ ಹಾಕ್ತಾನೆ. ಆ ಹುಡುಗ ಪೆನ್ ಸ್ಟ್ಯಾಂಡ್‌ಗೆ ಅಂಟು ಬಿಸಿ ಮಾಡಿ ಹಚ್ಚೋನು. ಯಾರ ಕಣ್ಣು, ಯಾರ ಬೆರಳು ಹೋಗ್ತಿತ್ತೋ.

ಅದಕ್ಕೆ ಅಕ್ಕತಂಗೇರೇ, ನಿಮ್ಮನೆ ಅಟ್ಟದಲ್ಲಿ ಇಂಥ ಪೆಟ್ಟಿಗೆ ಇದ್ರೆ ಇಷ್ಟು ನೆನಪಿಡಿ.

ಬುಡ ನೋಡಿ. ಕೇಪು ಇಲ್ಲದೆ ತೂತು ಕಂಡ್ರೆ ಸಿಡಿಯೋ ಭಯ ಇಲ್ಲ. ಕೇಪು ಇದ್ದು ಗುಂಡಿ ಬಿದ್ದಿಲ್ಲ ಅಂದ್ರೆ ಜೀವ ಐತೆ ಅಂತಲೇ ತಿಳೀರಿ. ಗುಂಡಿ ಬಿದ್ದಿದ್ರೂ ನಂಬಬೇಡಿ, ಹೊಡೆದೂ ಹತ್ತದೆ ಉಳಿದದ್ದು ಇರ್ತಾವೆ. ಬಾಯಿ ಮುಚ್ಚಿದ್ದರೆ ತುಂಬಿದ ತೋಟಾ ಅಂತಲೇ ಲೆಕ್ಕ. ಇಂಥದ್ದನ್ನ ಮೊಳೆ ಹಾಕಿ ತೆಗೆಯೋದು, ನೀರಲ್ಲಿ ನೆನೆಸೋದು, ಒಲೆಗೆ ಹಾಕೋದು ಯಾವುದೂ ಮಾಡಬೇಡಿ. ಅಲುಗಾಡದಂಗೆ ಒಂದು ಕಡೆ ಇಟ್ಟು ಸ್ಟೇಶನ್ನಿಗೆ ಫೋನ್ ಮಾಡಿ, ಹೆಂಗೆ ಒಪ್ಪಿಸೋದು ಅಂತ ಅವರನ್ನೇ ಕೇಳಿ.

ಅಡಿಗೆ ಪಾತ್ರೆಯಲ್ಲಿ ತೊಳೀಬೇಡಿ. ಮಸಿಯಲ್ಲಿ ಸೀಸ ಇರ್ತದೆ, ಹಳೇ ಕೇಪಿನಲ್ಲಿ ಪಾದರಸ ಇದ್ದದ್ದೂ ಉಂಟು. ಎರಡೂ ಮಕ್ಕಳ ಮೈಗೆ ವಿಷ. ನಮ್ಮಜ್ಜಿ ಯಾಕೆ ಆ ಮಣ್ಣಿನ ಕುಡಿಕೆನ ಬೇರೆ ಇಟ್ಟಿದ್ರೋ ಹೇಳಿಲ್ಲ, "ಮುಸುರೆಗೆ ಸೇರಿಸಬಾರ್ದು" ಅಂದಿದ್ರು ಅಷ್ಟೇ. ಅದು ಮಡಿಯೋ, ಬುದ್ಧಿಯೋ, ಎರಡೂ ಒಂದೇ ಆತು.

ಕಾನೂನಿನ ಮಾತೂ ಐತೆ. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಅಂದ್ರೆ ತುಂಬಿದ ತೋಟಾ ಮಾತ್ರ ಅಲ್ಲ, ಅದರ ಭಾಗಗಳು, ಅದನ್ನ ತಯಾರಿಸೋ ಯಂತ್ರ ಸಾಮಾನು ಕೂಡ ಸೇರ್ತಾವೆ. ಯಾವುದಕ್ಕೂ ಜೊತೆಯಾಗಿ ಬಳಸದ ಸಣ್ಣಪುಟ್ಟ ಭಾಗಕ್ಕೆ ವಿನಾಯಿತಿ ಐತೆ. ಆದ್ರೆ ತೋಟಾ, ಕೇಪು, ಸಾಮಾನು ಎಲ್ಲ ಒಂದೇ ಪೆಟ್ಟಿಗೇಲಿ ಇದ್ದಾಗ ಆ ವಿನಾಯಿತಿ ನಂಬಿ ಕೂರೋದು ಜಾಣತನ ಅಲ್ಲ. ಲೈಸೆನ್ಸ್ ಇದ್ದವರು ಹೋದ ಮೇಲೆ ಉಳಿದದ್ದನ್ನ ತಡ ಮಾಡದೆ ಸ್ಟೇಶನ್ನಿಗೋ, ಲೈಸೆನ್ಸ್ ಇರೋ ಅಂಗಡಿಗೋ ಒಪ್ಪಿಸಬೇಕು ಅಂತ ಅದೇ ಕಾಯ್ದೆ ಹೇಳ್ತದೆ. ಒಪ್ಪಿಸಿದ ಮಾತ್ರಕ್ಕೆ ಹಕ್ಕು ಹೋಗಲ್ಲ, ವಾರಸುದಾರರು ಲೈಸೆನ್ಸ್ ಮಾಡಿಸ್ಕೊಂಡ್ರೆ ವಾಪಸ್ ಪಡೀಬಹುದು. ಗಂಡಸರು ಕೋವಿ ನೆನಪಿಟ್ಕೊಂಡು ಒಪ್ಪಿಸ್ತಾರೆ. ಪೆಟ್ಟಿಗೆ ಮರೀತಾರೆ. ಅದನ್ನ ನೆನಪು ಮಾಡಬೇಕಾದ್ದು ನಾವು.

ನಾವು ಫೋನ್ ಮಾಡಿದ್ವಿ, ಬಂದು ನೋಡಿದ್ರು. ಕೇಪಿದ್ದ ಎರಡನ್ನ ಅವರೇ ಜೋಪಾನವಾಗಿ ಒಯ್ದರು. ಅವೂ ಸೇರಿ ತೋಟಾ, ಮೊಳೆ, ಕೊಕ್ಕೆ, ಬಳೆ ಎಲ್ಲಾದಕ್ಕೂ ನಾನು ಪಟ್ಟಿ ಬರೆದೆ, ಎರಡು ಪ್ರತಿ. ಪಟ್ಟಿಯ ಮೊದಲ ಸಾಲಿನಲ್ಲಿ "ಹಿತ್ತಾಳೆ ತೋಟಾ, 43" ಅಂತ ಬರೆದು ಅತ್ತೆಗೆ ಓದಿ ಹೇಳಿದೆ. "ಆ ಚೀಟಿ ದೇವರ ಪೆಟ್ಟಿಗ್ಯಾಗೆ ಇಡವ್ವ" ಅಂದ್ರು. ಮೈದುನನಿಗೆ ಹಿತ್ತಾಳೆ ದುಡ್ಡು ಹೋತು ಅಂತ ಎರಡು ದಿನ ಮುಖ ಸಣ್ಣಗಿತ್ತು. ಅತ್ತೆ ತಮ್ಮ ಕಾಯಿಪಲ್ಯದ ಕಾಸಲ್ಲಿ ನೂರು ರೂಪಾಯಿ ಅವನ ಕೈಗಿಟ್ಟು, "ತಗಾ, ನಿನ್ನ ಗುಜರಿ" ಅಂದ ಮೇಲೆ ಅವನೇ ನಕ್ಕ.

ಮಣೆ ಮಾತ್ರ ನಮ್ಮನೇಲೇ ಉಳೀತು, ಬರೀ ಮರದ ಹಲಗೆಗೆ ಯಾವ ಲೈಸೆನ್ಸೂ ಬೇಡ ಅಂದ್ರು. ಸೀಸದ ಮಸಿ ಹಿಡಿದ ಹಲಗೆ, ಹಂಗಾಗಿ ಅಡಿಗೆಮನೆಗೆ ಅದನ್ನ ತರೋದಿಲ್ಲ. ಹಿತ್ತಲಲ್ಲಿ ಅಡಿಕೆ ಸಸಿ ಪಾಕೀಟು ನಿಲ್ಲಿಸೋಕೆ ಇಟ್ಟಿದೀನಿ, ಮಕ್ಕಳ ಕೈಗೆ ಸಿಗದ ಕಡೆ. ನಿಮ್ಮನೆ ಅಜ್ಜಿಯೋ ಅತ್ತೆಯೋ ಇಂಥ ಕೆಲಸ ಮಾಡಿದ್ರೆ, ಅವರಿಗೆ ನೆನಪಿರುವಾಗಲೇ ಕೂರಿಸಿ ಕೇಳಿ, ಬರೆದಿಡಿ. ಆಮೇಲೆ ಒಂದ್ಸಲ ಅಟ್ಟನೂ ನೋಡಿ. ಮೊದಲು ಎಣಿಸಿ.